ನಾಲಿಗೆಗೆ ಬಾರದ ವ್ಯಾಕರಣ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ವ್ಯಾಕರಣ ತಪ್ಪುವವರು ಕಡಿಮೆ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯ ಗೆಳತಿಯ ಜೊತೆ ಕೊಡವ ತಕ್ಕ್, ಒಣಮೀನು ಮಾರುವವನ ಹತ್ತಿರ ಮಲಯಾಳ. ಹೀಗೆ ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲ ಹನ್ನೆರಡು ವರ್ಷದ ಹುಡುಗಿಯರು ಕೊಡಗಿನಲ್ಲಿ ಅಪರೂಪವೇನಲ್ಲ. ಕನ್ನಡದಲ್ಲಿ ಹೋದವರು ಯಾರೆಂದು ನೋಡಿಕೊಂಡು ಕ್ರಿಯಾಪದ ತನ್ನ ಬಾಲ ಬದಲಿಸುತ್ತದೆ: ಹೋದೆ, ಹೋದ, ಹೋದಳು, ಹೋದರು. ಮಲಯಾಳದಲ್ಲಿ ಯಾರು ಹೋದರೂ ‘ಪೋಯಿ’. ಈ ವ್ಯತ್ಯಾಸವನ್ನು ಆ ಹುಡುಗಿಗೆ ಯಾರೂ ಕರಿಹಲಗೆಯ ಮೇಲೆ ಬರೆದು ತೋರಿಸಿಲ್ಲ. ಆದರೂ ಅವಳು ಒಂದರ ಬಾಲವನ್ನು ಇನ್ನೊಂದಕ್ಕೆ ಅಂಟಿಸುವುದಿಲ್ಲ.

ಅದೇ ಹುಡುಗಿ ಇಂಗ್ಲಿಷ್ ಪರೀಕ್ಷೆಯಲ್ಲಿ ‘ಮೈ ಮದರ್ ವರ್ಕ್ ಇನ್ ಎಸ್ಟೇಟ್’ ಎಂದು ಬರೆಯುತ್ತಾಳೆ. ‘ವರ್ಕ್ಸ್’ ಎಂದಾಗಬೇಕಿತ್ತು, ‘ಎಸ್ಟೇಟ್’ ಮುಂಚೆ ಒಂದು ‘ಆ್ಯನ್’ ಇರಬೇಕಿತ್ತು. ತಮಾಷೆಯೆಂದರೆ ಈ ಎರಡೂ ನಿಯಮ ಅವಳಿಗೆ ಬಾಯಿಪಾಠ. ‘ಹೀ, ಶೀ, ಇಟ್ ಬಂದರೆ ಕ್ರಿಯಾಪದಕ್ಕೆ ಸ್ ಸೇರಿಸಬೇಕು’ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾಳು. ನಿಯಮ ತಲೆಯಲ್ಲಿದೆ, ವಾಕ್ಯಕ್ಕೆ ಬರುತ್ತಿಲ್ಲ.

ಇದಕ್ಕೆ ಸುಲಭವಾಗಿ ಸಿಗುವ ಉತ್ತರಗಳು ಎರಡು: ‘ಮಕ್ಕಳು ಗಮನ ಕೊಡುವುದಿಲ್ಲ’, ‘ಮೇಷ್ಟ್ರು ಸರಿಯಾಗಿ ಹೇಳಿಕೊಡುವುದಿಲ್ಲ’. ಕಲಿಕೆಯನ್ನೇ ವಿಷಯವಾಗಿಟ್ಟುಕೊಂಡು ಪ್ರಯೋಗ ನಡೆಸಿದವರು ಕಂಡ ಉತ್ತರ ಬೇರೆ. ಅದರ ಒಂದು ದೊಡ್ಡ ಭಾಗ ಸಿಕ್ಕಿದ್ದು ಮಡಿಕೇರಿಯಿಂದ ಐದಾರು ಗಂಟೆ ಬಸ್ ಪ್ರಯಾಣದ ದೂರದ ಬೆಂಗಳೂರಿನಲ್ಲಿ.

ಮೊದಲು ಆ ‘ಸ್’ ಕಥೆ. 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರೋಜರ್ ಬ್ರೌನ್ ಮತ್ತು ಸಂಗಡಿಗರು ಮೂರು ಪುಟ್ಟ ಮಕ್ಕಳ ಮಾತನ್ನು ತಿಂಗಳುಗಟ್ಟಲೆ ಧ್ವನಿಮುದ್ರಿಸಿಕೊಂಡರು. ಆಡಮ್, ಈವ್, ಸಾರಾ ಎಂಬವು ಆ ಮಕ್ಕಳಿಗೆ ಸಂಶೋಧನೆ ಕೊಟ್ಟ ಹೆಸರುಗಳು. ಮೂವರಿಗೂ ಇಂಗ್ಲಿಷೇ ಮನೆಮಾತು. 1973ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬ್ರೌನ್ ತೋರಿಸಿದ್ದು ಇದನ್ನು: ಇಂಗ್ಲಿಷಿನ ಹದಿನಾಲ್ಕು ಸಣ್ಣಪುಟ್ಟ ವ್ಯಾಕರಣ ಅಂಶಗಳು ಮೂವರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ನೆಲೆಯೂರಿದವು. ‘ಪ್ಲೇಯಿಂಗ್’ ಎಂಬಲ್ಲಿನ ‘ಇಂಗ್’ ಎಲ್ಲಕ್ಕಿಂತ ಮೊದಲು. ಬಹುವಚನದ ‘ಸ್’ ಅದರ ಹಿಂದೆಯೇ. ‘ಎ’, ‘ದ’ಗಳು ನಡುವಿನಲ್ಲಿ. ನಮ್ಮ ಹುಡುಗಿಯನ್ನು ಕಾಡುವ ಕ್ರಿಯಾಪದದ ‘ಸ್’ ಹತ್ತನೆಯದು. ಅಪ್ಪ ಅಮ್ಮ ಯಾವುದನ್ನು ಎಷ್ಟು ಬಾರಿ ಆಡುತ್ತಿದ್ದರು ಎಂಬುದಕ್ಕೂ ಈ ಸರದಿಗೂ ನಂಟೇ ಕಾಣಲಿಲ್ಲ.

ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿಯುವವರ ಪಾಡೇನು? ಹೈಡಿ ಡುಲೇ ಮತ್ತು ಮರೀನಾ ಬರ್ಟ್ 1974ರಲ್ಲಿ ಅಮೆರಿಕದಲ್ಲಿದ್ದ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳನ್ನು ನೋಡಿದರು. ಅಲ್ಲಿಯೂ ಒಂದು ಸರದಿ ಕಂಡಿತು. ಎರಡು ಗುಂಪುಗಳ ನಡುವೆ ಆಶ್ಚರ್ಯಪಡುವಷ್ಟು ಹೋಲಿಕೆಯಿತ್ತು, ಕ್ರಿಯಾಪದದ ‘ಸ್’ ಅಲ್ಲಿಯೂ ಹಿಂದಿನ ಬೆಂಚಿನಲ್ಲೇ ಕೂತಿತ್ತು. ಮನೆಮಾತಿನ ಪ್ರಭಾವವೇ ಇಲ್ಲ ಎಂದು ಕೆಲವರು ಆಗ ಸಂಭ್ರಮಿಸಿದ್ದೂ ಉಂಟು, ಅದು ಅವಸರದ ಸಂಭ್ರಮ. 2016ರಲ್ಲಿ ಮುರಕಾಮಿ ಮತ್ತು ಅಲೆಕ್ಸೊಪೌಲೌ ಏಳು ಮನೆಮಾತುಗಳ ಕಲಿಕೆದಾರರು ಕೇಂಬ್ರಿಜ್ ಪರೀಕ್ಷೆಗಳಲ್ಲಿ ಬರೆದ ಉತ್ತರಗಳನ್ನು ಜಾಲಾಡಿದಾಗ, ಮನೆಮಾತಿನಲ್ಲಿ ‘ಎ’, ‘ದ’ ಥರದ ಪದಗಳೇ ಇಲ್ಲದವರು ಅವುಗಳಲ್ಲಿ ಹೆಚ್ಚು ಎಡವುವುದು ನಿಚ್ಚಳವಾಯಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ, ಆದರೆ ನಮ್ಮ ಕಥೆಯೂ ಅದೇ. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಪುಸ್ತಕ ಆಗಬಹುದು, ‘ಪುಸ್ತಕವನ್ನು ಓದಿದೆ’ ಎಂದರೆ ಇಬ್ಬರಿಗೂ ಗೊತ್ತಿರುವ ಒಂದು ಪುಸ್ತಕದ ಕಡೆಗೆ ಮಾತು ವಾಲುತ್ತದೆ. ಆ ಕೆಲಸವನ್ನು ಕನ್ನಡ ವಿಭಕ್ತಿಯಿಂದ, ‘ಆ’, ‘ಒಂದು’ಗಳಿಂದ, ಎಷ್ಟೋ ಸಲ ಬರೀ ಸಂದರ್ಭದಿಂದ ಮುಗಿಸಿಬಿಡುತ್ತದೆ. ಇಂಗ್ಲಿಷಿಗೆ ಪ್ರತಿ ಸಲವೂ ಲೆಕ್ಕ ಒಪ್ಪಿಸಬೇಕು.

ಕನ್ನಡದ ಮಕ್ಕಳ ಮೇಲೆಯೇ ನಡೆದ ಒಂದು ಸೊಗಸಾದ ಪ್ರಯೋಗವಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ್ದು. ಕನ್ನಡದ ‘ಇಸು’ ಎಂಬ ಪ್ರತ್ಯಯ ನಂಬಿಕಸ್ಥ ಆಳು: ‘ಹಾರು’ ಎಂದರೆ ತಾನೇ ಹಾರುವುದು, ‘ಹಾರಿಸು’ ಎಂದರೆ ಬೇರೆಯವರಿಂದ ಆ ಕೆಲಸ ಮಾಡಿಸುವುದು. ಮೂರು ದಾಟಿದ ಮಕ್ಕಳ ಕೈಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಲು ಕೇಳಿದರು. ಕೆಲವು ವಾಕ್ಯಗಳು ಬೇಕೆಂದೇ ವಕ್ರವಾಗಿದ್ದವು. ‘ಇಸು’ ಇದ್ದು ಪ್ರಾಣಿ ಒಂದೇ, ಇಲ್ಲವೇ ಪ್ರಾಣಿ ಎರಡಿದ್ದು ‘ಇಸು’ ಇಲ್ಲ. ಮಕ್ಕಳು ‘ಇಸು’ವಿಗೆ ಕಿವಿಗೊಡಲೇ ಇಲ್ಲ, ವಾಕ್ಯದಲ್ಲಿ ಪ್ರಾಣಿಗಳು ಎಷ್ಟು ಎಂದು ಎಣಿಸಿ ಆಡಿ ತೋರಿಸಿದರು. ದೊಡ್ಡವರು ಎರಡನ್ನೂ ಗಮನಿಸಿದರು.

ಈ ಪ್ರಯೋಗದ ಉದ್ದೇಶ ಬೇರೆಯೇ ಇತ್ತು, ಇಂಗ್ಲಿಷ್ ಕಲಿಕೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಎಳೆ ಮನಸ್ಸು ಹೊಸ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬ ಸುಳಿವು ಅದರಲ್ಲಿದೆ. ಅದು ಮೊದಲು ಹುಡುಕುವುದು ಯಾರು, ಏನು ಎಂಬುದನ್ನು. ಪದದ ತುದಿಗೆ ಅಂಟಿಕೊಂಡ ಚೂರುಗಳಿಗೆ ಆಮೇಲೆ ಸರದಿ. ‘ಮೈ ಮದರ್ ವರ್ಕ್ಸ್’ ಎಂಬಲ್ಲಿ ಕೆಲಸ ಮಾಡುವವಳು ಒಬ್ಬಳೇ ಎಂದು ‘ಮದರ್’ ಆಗಲೇ ಹೇಳಿದೆ. ಕೊನೆಯ ‘ಸ್’ ಹೊಸದೇನನ್ನೂ ಹೇಳುವುದಿಲ್ಲ. ಅರ್ಥಕ್ಕೆ ಬೇಡವಾದದ್ದನ್ನು ಕಿವಿ ಬಿಟ್ಟುಬಿಡುತ್ತದೆ, ಕಿವಿ ಬಿಟ್ಟದ್ದು ನಾಲಿಗೆಗೆ ಬರುವುದಿಲ್ಲ. ಆದ್ದರಿಂದ ಐದನೇ ತರಗತಿಯಲ್ಲಿ ಹೇಳಿಕೊಟ್ಟ ನಿಯಮ ಹತ್ತರಲ್ಲೂ ತಪ್ಪಿದರೆ ಅದನ್ನು ಸೋಮಾರಿತನ ಎನ್ನಲಾಗದು.

ಹಾಗಾದರೆ ಅಭ್ಯಾಸ ಹೆಚ್ಚಿಸಿದರೆ ಸಾಕೇ? ಯಾವ ಅಭ್ಯಾಸ ಎಂಬುದೇ ಪ್ರಶ್ನೆ.

ನಮ್ಮ ಮನೆಗಳಲ್ಲಿ ಅಭ್ಯಾಸ ಎಂದರೆ ಬಹಳ ಕಾಲದಿಂದ ರೆನ್ ಮತ್ತು ಮಾರ್ಟಿನ್. ಅಪ್ಪನ ಕಾಲದ್ದು, ಬೆನ್ನು ಹರಿದು ಖಾಕಿ ಕಾಗದದ ಹೊದಿಕೆ ಹಾಕಿಸಿಕೊಂಡದ್ದು. ಆ ರೆನ್, ಅಂದರೆ ಪಿ. ಸಿ. ರೆನ್, ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಫ್ರೆಂಚ್ ಫಾರಿನ್ ಲೀಜನ್ ಕುರಿತ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು. ಮರುಭೂಮಿಯ ಕೋಟೆಯಲ್ಲಿ ಹೆಣಗಳನ್ನು ನಿಲ್ಲಿಸಿ ಕಾವಲು ಕಾಯಿಸಿದ ಲೇಖಕನೇ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಮೂರು ತಲೆಮಾರು ಭಾರತೀಯ ಮಕ್ಕಳನ್ನು ಕೂರಿಸಿದ್ದು! ಆ ಪುಸ್ತಕದ, ಅದನ್ನು ಅನುಸರಿಸಿದ ನೂರಾರು ಗೈಡುಗಳ ಕ್ರಮ ಒಂದೇ: ಒಂದು ನಿಯಮ, ಅದರ ಕೆಳಗೆ ಅದೇ ನಿಯಮದ ಸಾಲು ಸಾಲು ವಾಕ್ಯ. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕೈ ತಾನೇ ಓಡುತ್ತದೆ. ಪುಟ ತುಂಬ ರೈಟ್ ಗುರುತು. ಮಗು ಖುಷಿ, ಟ್ಯೂಷನ್ ಮೇಡಂ ಖುಷಿ, ಅಪ್ಪ ಅಮ್ಮ ಇನ್ನೂ ಖುಷಿ.

ಜಪಾನಿನ ತಾತ್ಸುಯಾ ನಕಾತಾ ಮತ್ತು ಯೂಯಿಚಿ ಸುಝುಕಿ 2019ರಲ್ಲಿ ಈ ಖುಷಿಯನ್ನೇ ಪರೀಕ್ಷೆಗೆ ಒಡ್ಡಿದರು. ಇಂಗ್ಲಿಷ್ ಕಲಿಯುತ್ತಿದ್ದ ನೂರಕ್ಕೂ ಹೆಚ್ಚು ಜಪಾನೀ ವಿದ್ಯಾರ್ಥಿಗಳಿಗೆ ಐದು ವ್ಯಾಕರಣ ರಚನೆಗಳನ್ನು ಕೊಟ್ಟರು. ಒಂದು ಗುಂಪಿಗೆ ಗೈಡಿನ ಕ್ರಮ, ಒಂದು ಮುಗಿದ ಮೇಲೆ ಇನ್ನೊಂದು. ಇನ್ನೊಂದು ಗುಂಪಿಗೆ ಐದೂ ಕಲಸುಮೇಲೋಗರ. ಅಭ್ಯಾಸದ ಹೊತ್ತಿನಲ್ಲಿ ಕಲಸಿಕೊಂಡವರು ಹೆಚ್ಚು ತಪ್ಪಿದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಅವರದೇ ಮೇಲುಗೈ.

ಕಾರಣ ಊಹಿಸಲು ಕಷ್ಟವಿಲ್ಲ. ಒಂದೇ ನಿಯಮದ ಪುಟದಲ್ಲಿ ನಿಯಮವನ್ನು ಹೇಗೆ ಹಚ್ಚುವುದು ಎಂಬುದಷ್ಟೇ ಕೆಲಸ, ಯಾವುದನ್ನು ಹಚ್ಚುವುದು ಎಂಬುದನ್ನು ಪುಟದ ತಲೆಬರಹವೇ ಹೇಳಿಬಿಟ್ಟಿದೆ. ಮಾತಿಗೆ ತಲೆಬರಹ ಇರುವುದಿಲ್ಲ. ಕಾಫಿ ಗಿಡದ ಕೊಂಬೆಯಲ್ಲಿ ಹಣ್ಣು, ದೋರೆಗಾಯಿ, ಹಸಿರುಕಾಯಿ ಒಟ್ಟಿಗೇ ಇರುತ್ತವೆ, ಕುಯ್ಯುವ ಕೈ ಆರಿಸಲು ಕಲಿಯುವುದು ಆ ಬೆರಕೆಯಲ್ಲೇ.

ತಪ್ಪಿಲ್ಲದ ಪುಟ ಕಲಿಕೆಯ ಸಾಕ್ಷಿಯಲ್ಲ ಎಂಬುದಕ್ಕೆ ಇನ್ನೂ ಪ್ರಸಿದ್ಧವಾದ ಪ್ರಯೋಗ ಅಮೆರಿಕದ ಸೇಂಟ್ ಲೂಯಿಸ್‌ನದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ನಾಲ್ಕು ಸುತ್ತು ಓದಿದರು. ಕೆಲವರು ಒಂದು ಸುತ್ತು ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರಿಗೆ 83, ಬರೆದವರಿಗೆ 71. ವಾರದ ನಂತರ ಓದಿದವರು 40ಕ್ಕೆ ಕುಸಿದರು, ಬರೆದವರು 61ರಲ್ಲಿ ನಿಂತರು, ಎಲ್ಲವೂ ಶೇಕಡಾ ಲೆಕ್ಕ. ನಾಳೆಯೇ ಪರೀಕ್ಷೆ ಎಂದರೆ ಉರು ಹೊಡೆಯುವುದೇ ಲಾಭ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ವ್ಯಾಕರಣ ಬೇಕಾಗುವುದು ನಾಳೆಗಲ್ಲವಲ್ಲ.

ನೆನಪಿಸಿಕೊಳ್ಳುವುದಕ್ಕೆ ಎಷ್ಟು ದಿನ ಬಿಡಬೇಕು? ಹ್ಯಾರಿ ಬ್ಯಾರಿಕ್ ಎಂಬ ಮನೋವಿಜ್ಞಾನಿ ಇದಕ್ಕೆ ತನ್ನ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಪ್ರತಿಯೊಬ್ಬರೂ 300 ವಿದೇಶಿ ಪದಗಳನ್ನು ಕಲಿತರು. ಕೆಲವನ್ನು 14 ದಿನಕ್ಕೊಮ್ಮೆ, ಕೆಲವನ್ನು 28, ಇನ್ನು ಕೆಲವನ್ನು 56 ದಿನಕ್ಕೊಮ್ಮೆ ತಿರುವಿಹಾಕಿದರು, ಆಮೇಲೆ ಐದು ವರ್ಷದ ತನಕ ನೆನಪನ್ನು ಅಳೆದರು. 1993ರಲ್ಲಿ ನಾಲ್ವರ ಹೆಸರಿನಲ್ಲೂ ಪ್ರಕಟವಾದ ಫಲಿತಾಂಶ: 56 ದಿನದ ಅಂತರದ 13 ಸುತ್ತು, 14 ದಿನದ ಅಂತರದ 26 ಸುತ್ತಿಗೆ ಸಮ. ಅರ್ಧ ಕೆಲಸ, ಅಷ್ಟೇ ಫಲ. ಕೊಡಗಿನವರಿಗೆ ಈ ಅಂತರ ಲೆಕ್ಕ ಹಾಕಲು ಕ್ಯಾಲೆಂಡರ್ ಬೇಕಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹೊತ್ತಿಗೆ ಕಲಿತದ್ದನ್ನು ಅಕ್ಟೋಬರದ ಕಾವೇರಿ ಸಂಕ್ರಮಣಕ್ಕೊಮ್ಮೆ, ಹುತ್ತರಿಗೊಮ್ಮೆ, ಕಾಫಿ ಕುಯ್ಲು ಮುಗಿದು ಹೂಮಳೆ ಕಾಯುವಾಗೊಮ್ಮೆ ಪುಸ್ತಕ ತೆರೆಯದೆ ಬರೆದು ನೋಡಿದರೆ ಹೆಚ್ಚುಕಡಿಮೆ ಬ್ಯಾರಿಕ್ ಮನೆಯ ವೇಳಾಪಟ್ಟಿಯೇ ಆಯಿತು. ಅವರದು ಪದಗಳ ಪ್ರಯೋಗ ನಿಜ, ವ್ಯಾಕರಣದ್ದಲ್ಲ. ಆದರೆ ಮರೆವು ಅಷ್ಟೊಂದು ಭೇದ ಮಾಡುವಂತೆ ಕಾಣುವುದಿಲ್ಲ.

ಇನ್ನು ಬೆಂಗಳೂರಿನ ವಿಷಯ.

ಜಗತ್ತಿನ ಯಾವ ಮೂಲೆಯಲ್ಲಿ ಇಂಗ್ಲಿಷ್ ಬೋಧನೆಯ ಎಂ.ಎ. ಮಾಡಿದರೂ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಎದುರಾಗದೆ ಇರುವುದಿಲ್ಲ. ಬೆಂಗಳೂರಿನಲ್ಲಿ ಕೇಳಿದರೆ ಮೆಟ್ರೋ ಯೋಜನೆಯೋ ಎಂದಾರು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಅದು. ಬೆಂಗಳೂರು, ಮದ್ರಾಸು, ಕಡಲೂರು ಮುಂತಾದ ಊರುಗಳ ಸಾಮಾನ್ಯ ಶಾಲೆಗಳು, ಕಿಕ್ಕಿರಿದ ತರಗತಿಗಳು. ಆಗ ದಕ್ಷಿಣ ಭಾರತದಲ್ಲೆಲ್ಲ ರಚನಾ ಪದ್ಧತಿಯ ಕಾಲ. ದಿನಕ್ಕೊಂದು ವಾಕ್ಯಮಾದರಿ, ‘ದಿಸ್ ಈಸ್ ಎ ಪೆನ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ. ಪ್ರಭು ಅವರ ಅನುಮಾನ ಸರಳವಾಗಿತ್ತು: ವ್ಯಾಕರಣ ಒಳಗೊಳಗೇ ಕಟ್ಟಿಕೊಳ್ಳುವ ವಸ್ತು, ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗಲೇ ಅದು ಚೆನ್ನಾಗಿ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಅವರ ತರಗತಿಗಳಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇರಲಿಲ್ಲ. ಇದ್ದದ್ದು ಕೆಲಸಗಳ ಪಟ್ಟಿ: ರೈಲಿನ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕೆಂದು ಹೇಳುವುದು, ನಕಾಶೆಯಲ್ಲಿ ದಾರಿ ಹುಡುಕುವುದು, ದೂರ ಲೆಕ್ಕ ಹಾಕುವುದು. ಮೊದಲು ಮೇಷ್ಟ್ರು ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಇಡೀ ತರಗತಿಯೊಡನೆ ಪ್ರಶ್ನೋತ್ತರವಾಗಿ ಬಿಡಿಸುತ್ತಿದ್ದರು, ಆಮೇಲೆ ಪ್ರತಿ ಮಗು ತನ್ನದನ್ನು ತಾನೇ ಬಿಡಿಸಬೇಕು. ಅಂಕ ಉತ್ತರಕ್ಕೆ, ವಾಕ್ಯದ ಅಂದಕ್ಕಲ್ಲ. ಗುಂಪು ಚಟುವಟಿಕೆಯನ್ನು ಪ್ರಭು ಉತ್ತೇಜಿಸಲಿಲ್ಲ. ಮಕ್ಕಳು ಮಕ್ಕಳೇ ಸೇರಿದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿ ಗಟ್ಟಿಯಾಗುತ್ತದೆ ಎಂಬ ಅಳುಕು ಅವರಿಗಿತ್ತು.

ಕೊಡಗಿಗೆ ಇನ್ನೂ ರೈಲು ಬಂದಿಲ್ಲ, ಹಾಗಾಗಿ ಇಲ್ಲಿ ಕೆಎಸ್‌ಆರ್‌ಟಿಸಿ ಫಲಕವೇ ಗತಿ. ಮಧ್ಯಾಹ್ನ ಎರಡಕ್ಕೆ ಮೈಸೂರಿನಲ್ಲಿ ಸಂದರ್ಶನ, ನಡುವೆ ಕುಶಾಲನಗರದಲ್ಲಿ ಇಳಿದು ಅರ್ಧ ಗಂಟೆಯ ಕೆಲಸ. ಮಡಿಕೇರಿಯಿಂದ ಯಾವ ಬಸ್ಸು ಹಿಡಿಯಬೇಕು? ಬಿಡಿಸಲು ಹೊರಟ ಮಗು ಹತ್ತು ನಿಮಿಷದಲ್ಲಿ ‘ದಿಸ್ ಬಸ್ ಲೀವ್ಸ್ ಅಟ್ ನೈನ್’, ‘ಇಟ್ ಅರೈವ್ಸ್ ಅಟ್ ಟೆನ್’, ‘ದ ನೆಕ್ಸ್ಟ್ ಬಸ್ ಸ್ಟಾಪ್ಸ್ ಹಿಯರ್’ ಎಂದು ಕೇಳಿಸಿಕೊಳ್ಳುತ್ತದೆ, ತಾನೂ ಹೇಳುತ್ತದೆ. ಆ ತಕರಾರಿನ ‘ಸ್’ ಪ್ರತಿ ವಾಕ್ಯದಲ್ಲೂ ಇದೆ, ಆದರೆ ಅದು ಪಾಠ ಎಂದು ಯಾರೂ ಘೋಷಿಸಿಲ್ಲ.

ಕೆಲಸ ಮಾಡಿತೇ? ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1984ರಲ್ಲಿ ಬಂದು ಮೌಲ್ಯಮಾಪನ ಮಾಡಿದರು, 1985ರಲ್ಲಿ ವರದಿ ಬಂತು. ರಚನಾ ಪದ್ಧತಿಯ ಪ್ರಶ್ನೆಪತ್ರಿಕೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದೆ, ಪ್ರಾಜೆಕ್ಟ್ ಮಾದರಿಯ ಕೆಲಸಗಳಲ್ಲಿ ಪ್ರಾಜೆಕ್ಟ್ ಮಕ್ಕಳು ಮುಂದೆ. ಅದು ನಿರೀಕ್ಷಿತವೇ. ಯಾರ ಪಕ್ಷವನ್ನೂ ವಹಿಸದ ಪರೀಕ್ಷೆಗಳಲ್ಲಿ, ಅಂದರೆ ಸಂದರ್ಭ ಕೊಟ್ಟು ಕೇಳಿದ ವ್ಯಾಕರಣ, ಉಕ್ತಲೇಖನ, ಓದಿ ಕೇಳಿ ಅರ್ಥಮಾಡಿಕೊಳ್ಳುವುದು ಇವುಗಳಲ್ಲಿ, ಒಟ್ಟಾರೆ ಪ್ರಾಜೆಕ್ಟ್ ಕಡೆಗೇ ತಕ್ಕಡಿ ವಾಲಿತು. ತಗಾದೆಗಳೂ ಇದ್ದವು. ಪ್ರಾಜೆಕ್ಟಿನಲ್ಲಿ ಪಾಠ ಮಾಡಿದವರಲ್ಲಿ ಹಲವರು ಪಳಗಿದ ಕೈಗಳು. ಮಾಮೂಲಿ ಶಾಲಾ ಶಿಕ್ಷಕರಿಗೆ ಈ ಕ್ರಮ ಹಿಡಿತಕ್ಕೆ ಸಿಗುವುದು ಕಷ್ಟವಾಯಿತೆಂದು ಬೆರೆಟಾ ಅವರೇ ಆಮೇಲೆ ಬರೆದರು. ಪಾಠ ಮಾಡುವವರ ಇಂಗ್ಲಿಷೇ ಅಳ್ಳಕವಾಗಿದ್ದರೆ ವೇಳಾಪಟ್ಟಿಯ ಸುತ್ತ ಮುಕ್ಕಾಲು ಗಂಟೆ ಮಾತು ನಡೆಸುವುದು ಹೇಗೆ? ಆ ಪ್ರಶ್ನೆ ಇವತ್ತಿಗೂ ಹಾಗೇ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007ರಲ್ಲಿ. ಮಕ್ಕಳ ವಯಸ್ಸು ಇಳಿಯಿತು, ಈ ತೊಡಕು ಬಿಡಲಿಲ್ಲ.

ನಿಯಮ ಹೇಳಿಕೊಡುವುದೇ ದಂಡ ಎಂದು ಇದರಿಂದ ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪು. ಜಾನ್ ನಾರಿಸ್ ಮತ್ತು ಲೂರ್ಡೆಸ್ ಒರ್ಟೆಗಾ 2000ದಲ್ಲಿ 49 ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ನಿಯಮವನ್ನು ಬಿಡಿಸಿ ಹೇಳಿದ ಪಾಠಗಳೇ ಹೆಚ್ಚು ಫಲ ಕೊಟ್ಟಿದ್ದವು. ಆ ಅಧ್ಯಯನಗಳ ಪರೀಕ್ಷೆಗಳೇ ನಿಯಮ ಬಲ್ಲವರಿಗೆ ಒಲಿಯುವಂಥವು ಎಂಬ ಟೀಕೆಯೂ ಬಂತು, ಟೀಕೆಯಲ್ಲಿ ಹುರುಳಿದೆ. ಬೆಂಗಳೂರಿನ ಪ್ರಯೋಗ, ಈ ಲೆಕ್ಕ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ: ಮನಸ್ಸು ಬಸ್ಸಿನ ಲೆಕ್ಕದಲ್ಲಿ ಮುಳುಗಿರಲಿ, ‘ಸ್’ ಬಿಟ್ಟುಹೋದಾಗ ಯಾರಾದರೂ ಆ ಕ್ಷಣದಲ್ಲಿ ತೋರಿಸಲಿ.

ತೋರಿಸುವುದು ಹೇಗೆ ಎಂಬುದರ ಮೇಲೂ ಜಗಳವಾಗಿದೆ. ಬರವಣಿಗೆಯಲ್ಲಿ ವ್ಯಾಕರಣ ತಿದ್ದುವುದರಿಂದ ಪ್ರಯೋಜನವೇ ಇಲ್ಲ, ನಿಲ್ಲಿಸಿ ಎಂದು 1996ರಲ್ಲಿ ಜಾನ್ ಟ್ರಸ್ಕಾಟ್ ಬರೆದರು. ರಾತ್ರಿಯೆಲ್ಲ ಕೂತು ಕಾಪಿ ತಿದ್ದಿದವರಿಗೆ ಕೋಪ ಬಾರದಿದ್ದೀತೇ? ಉತ್ತರ ಬಂದದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ. ಜಾನ್ ಬಿಚನರ್ ಎಲ್ಲ ತಪ್ಪುಗಳ ಗೊಡವೆ ಬಿಟ್ಟು ಎರಡನ್ನೇ ಆರಿಸಿಕೊಂಡರು: ಒಂದು ವಸ್ತುವನ್ನು ಮೊದಲ ಸಲ ಹೇಳುವಾಗ ‘ಎ’, ಮತ್ತೆ ಅದನ್ನೇ ಹೇಳುವಾಗ ‘ದ’. ಅಷ್ಟನ್ನೇ ತಿದ್ದಿಸಿಕೊಂಡವರು ಎರಡು ತಿಂಗಳ ನಂತರವೂ ಮುಂದಿದ್ದರು. ಉಟೆ ಕ್ನೋಖ್ ಜೊತೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಈ ಲಾಭ ಹತ್ತು ತಿಂಗಳ ತನಕ ಉಳಿಯಿತು.

ಕೊಡಗಿನಲ್ಲಿ ಈ ಪಾಠಕ್ಕೆ ವಾಕ್ಯ ಹುಡುಕಿಕೊಂಡು ಹೋಗಬೇಕಿಲ್ಲ, ವಾಕ್ಯವೇ ಬೇಲಿ ಮುರಿದು ಬರುತ್ತದೆ. ‘ಆ್ಯನ್ ಎಲಿಫೆಂಟ್ ಕೇಮ್ ಲಾಸ್ಟ್ ನೈಟ್. ದಿ ಎಲಿಫೆಂಟ್ ಬ್ರೋಕ್ ಎ ಜಾಕ್‌ಫ್ರೂಟ್ ಟ್ರೀ. ದ ಟ್ರೀ ಫೆಲ್ ಆನ್ ಎ ಲೈನ್‌ಮನೆ.’ ಮೊದಲ ಸಲ ಬಂದ ಆನೆ, ಆಮೇಲೆ ಎಲ್ಲರಿಗೂ ಗೊತ್ತಾದ ಆನೆ. ಮೊದಲ ಸಲ ಕಂಡ ಹಲಸಿನ ಮರ, ಆಮೇಲೆ ಅದೇ ಮರ. ಕಥೆ ಹೇಳುವ ಭರದಲ್ಲಿ ‘ಎ’, ‘ದ’ ಜಾರಿಬಿದ್ದ ಕಡೆ ಮಾತ್ರ ಒಂದು ಗೆರೆ. ಕಾಗುಣಿತ, ಕಾಲ, ವಿರಾಮಚಿಹ್ನೆ ಎಲ್ಲ ಇವತ್ತಿಗೆ ಮಾಫಿ. ಇದನ್ನು ಒಪ್ಪಲು ಮಗುವಿಗಿಂತ ಅಪ್ಪ ಅಮ್ಮನಿಗೆ ಕಷ್ಟ, ಏಕೆಂದರೆ ಅವರು ನೋಟ್‌ಬುಕ್ಕಿನಲ್ಲಿ ಎಣಿಸುವುದು ಕೆಂಪು ಶಾಯಿಯನ್ನು.

ದೊಡ್ಡವರ ಗತಿ? ತೋಟದ ರೈಟರ್ ಕೆಲಸದಲ್ಲಿ ಹತ್ತು ವರ್ಷ ಚೆಕ್‌ರೋಲ್ ಬರೆದು, ಈಗ ಹೋಂಸ್ಟೇ ನೋಡಿಕೊಳ್ಳುವ ನಲವತ್ತರ ಮನುಷ್ಯನಿಗೆ ಬಸ್ಸು ತಪ್ಪಿತೇ? ಜೋಶುವಾ ಹಾರ್ಟ್‌ಶೋರ್ನ್, ಜೋಶುವಾ ಟೆನೆನ್‌ಬಾಮ್, ಸ್ಟೀವನ್ ಪಿಂಕರ್ ಅಂತರ್ಜಾಲದಲ್ಲಿ ಒಂದು ವ್ಯಾಕರಣದ ಕ್ವಿಜ್ ಬಿಟ್ಟರು. ಉತ್ತರ ಕೊಟ್ಟರೆ ನಿಮ್ಮ ಮನೆಮಾತು ಯಾವುದೆಂದು ಊಹಿಸುತ್ತೇವೆ ಎಂಬ ಆಸೆ ತೋರಿಸಿ ಆರೂವರೆ ಲಕ್ಷಕ್ಕೂ ಹೆಚ್ಚು ಜನರಿಂದ ಉತ್ತರ ಪಡೆದರು. 2018ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ವ್ಯಾಕರಣ ಹೀರಿಕೊಳ್ಳುವ ವೇಗ ತಗ್ಗತೊಡಗುವುದು ಹದಿನೇಳರ ಸುಮಾರಿಗೆ. ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ. ಈ ಲೆಕ್ಕದ ಬಗ್ಗೆಯೂ ಪಂಡಿತರಲ್ಲಿ ತಕರಾರಿದೆ.

ರೈಟರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ರಾಬರ್ಟ್ ಡಿಕೈಸರ್ 1997ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಒಂದು ಕೃತಕ ಭಾಷೆಯನ್ನೇ ಹುಟ್ಟುಹಾಕಿ ಕಾಲೇಜು ವಿದ್ಯಾರ್ಥಿಗಳಿಗೆ ವಾರಗಟ್ಟಲೆ ಅಭ್ಯಾಸ ಮಾಡಿಸಿದರು. ನಿಯಮ ಎಲ್ಲರಿಗೂ ಒಂದೇ. ಕೇಳಿ ಅರ್ಥಮಾಡಿಕೊಳ್ಳುವುದನ್ನು ಅಭ್ಯಾಸ ಮಾಡಿದವರು ಅದರಲ್ಲಿ ಚುರುಕಾದರು, ವಾಕ್ಯ ಕಟ್ಟುವುದನ್ನು ಅಭ್ಯಾಸ ಮಾಡಿದವರು ಅದರಲ್ಲಿ. ಒಂದರ ಚುರುಕು ಇನ್ನೊಂದಕ್ಕೆ ಅಷ್ಟಾಗಿ ದಾಟಲಿಲ್ಲ. ಇಂಗ್ಲಿಷ್ ಪೇಪರ್ ಓದಿ ಅರಗಿಸಿಕೊಳ್ಳುವವರು ಅತಿಥಿಗೆ ನಾಲ್ಕು ಸಾಲು ಬರೆಯಲು ಕೂತರೆ ಬೆವರುವುದು ಇದಕ್ಕೇ.

ಹಾಗಾಗಿ ಹೋಂಸ್ಟೇಯವರಿಗೆ ವ್ಯಾಕರಣದ ಮೇಷ್ಟ್ರು ದಿನವೂ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತಾರೆ. ಚೆಕ್‌ಇನ್ ಎಷ್ಟು ಹೊತ್ತಿಗೆ, ತಲಕಾವೇರಿಗೆ ಎಷ್ಟು ದೂರ, ಮಳೆ ಇದೆಯೇ, ಪಂದಿಕರಿ ಸಿಗುತ್ತದೆಯೇ. ಕಾಲ, ಸಂಖ್ಯೆ, ‘ಎ’, ‘ದ’ ಎಲ್ಲ ಬೆರೆತು ಬರುವ, ಉತ್ತರ ಕೊಡಲೇಬೇಕಾದ ಪ್ರಶ್ನೆಗಳು. ಫೋನು ಎರಡನೆಯ ಪದಕ್ಕೇ ಮುಂದಿನ ವಾಕ್ಯ ಸೂಚಿಸುತ್ತದೆ. ಅದನ್ನು ಒತ್ತಿದರೆ ಅತಿಥಿಗೆ ಒಳ್ಳೆಯ ಇಂಗ್ಲಿಷ್ ಸಿಗುತ್ತದೆ, ಬರೆಯುವವರಿಗೆ ಏನೂ ಸಿಗುವುದಿಲ್ಲ. ಸೂಚನೆಯನ್ನು ಆಫ್ ಮಾಡಿ, ತಪ್ಪೋ ಸರಿಯೋ ತಾನೇ ಟೈಪ್ ಮಾಡಿ, ಕಳಿಸುವ ಮುನ್ನ ಫೋನಿಗೆ ತೋರಿಸಿ, ಅದು ಎಲ್ಲಿ ತಿದ್ದಿತು ಎಂದು ನೋಡಿಕೊಂಡರೆ ಸೇಂಟ್ ಲೂಯಿಸ್ ಮತ್ತು ಆಕ್ಲೆಂಡ್ ಎರಡೂ ಒಟ್ಟಿಗೆ ಕೆಲಸ ಮಾಡಿದಂತೆ. ಒಂದೆರಡು ನಿಮಿಷ ತಡವಾಗುತ್ತದೆ. ಕೊಡಗಿನ ನೆಟ್‌ವರ್ಕಿನಲ್ಲಿ ಅತಿಥಿಗಳು ಅಷ್ಟನ್ನು ಹೇಗೂ ಸಹಿಸಿಕೊಳ್ಳುತ್ತಾರೆ.